ಕುರ್ಚಿ ಖಾಲಿಯಿದ್ದರೂ ನಿಂತವರು

ಬೆಳಗಿನ ಆರು ಗಂಟೆ. ಆಸ್ಪತ್ರೆಯ ಮೂಲವ್ಯಾಧಿ ವಿಭಾಗದ ಮುಂದೆ ನೀಲಿ ಸಮವಸ್ತ್ರದ ಆಯಾ ಒಬ್ಬರು ಒದ್ದೆ ಬಟ್ಟೆ ಹಿಡಿದು ಹದಿನಾಲ್ಕು ಕುರ್ಚಿಗಳನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ಎಲ್ಲರ ಬಾಯಲ್ಲೂ ಅವರು ‘ಕುರ್ಚಿ ಅಕ್ಕ’. ಇವತ್ತು ಕೈ ಕುರ್ಚಿ ಒರೆಸುತ್ತಿದ್ದರೂ ಕಣ್ಣೆಲ್ಲ ಬಾಗಿಲ ಕಡೆಗೇ. ವರ್ಷದ ಹಿಂದೆ ಅವರು ಗೇಟಿನಿಂದ ಹಿಡಿದು ತಂದಿದ್ದ ಬಸ್ ಡ್ರೈವರ್ ಇವತ್ತು ತಪಾಸಣೆಗೆ ಬರಬೇಕು.

“ಹದಿನಾಲ್ಕು ಕುರ್ಚಿ ಸಾಕಾ ಅಂತ ಕೇಳ್ತಾರೆ. ಸಾಕಾಗಿ ಮಿಗುತ್ತೆ! ಇಲ್ಲಿಗೆ ಬರೋರಲ್ಲಿ ಕೂರೋಕಾಗೋರೇ ಕಡಿಮೆ,” ಎಂದು ನಮಗೆ ಹೇಳಿ ತಾವೇ ಮೊದಲು ನಗುತ್ತಾರೆ.

ದಿನಕ್ಕೆ ಅರವತ್ತು, ಎಪ್ಪತ್ತು ಜನ. ಟೋಕನ್ ನಂಬರು ಕೂಗುವುದು, ಪರದೆ ಎಳೆಯುವುದು, ಇಷ್ಟೇ ಅವರ ಕೆಲಸ. ಆದರೆ ಯಾರೂ ಹೇಳದ ಇನ್ನೊಂದು ಕೆಲಸವನ್ನು ಎಂಟು ವರ್ಷಗಳಿಂದ ಮೈಮೇಲೆ ಎಳೆದುಕೊಂಡಿದ್ದಾರೆ. ಕುರ್ಚಿ ಖಾಲಿಯಿದ್ದರೂ ನಿಂತೇ ಇರುವವರು, ತಮ್ಮ ಸರದಿಯನ್ನು ಹಿಂದಿನವರಿಗೆ ಬಿಟ್ಟುಕೊಡುವವರು ಕಂಡರೆ ಹತ್ತಿರ ಹೋಗಿ ಮೆಲ್ಲಗೆ “ಎಷ್ಟು ದಿನದಿಂದ?” ಅನ್ನುತ್ತಾರೆ. ಎಲ್ಲಿ, ಏನು ಅಂತ ಮಾತ್ರ ಅಪ್ಪಿತಪ್ಪಿಯೂ ಕೇಳುವುದಿಲ್ಲ. ಉತ್ತರವನ್ನು ಟೋಕನ್ ಚೀಟಿಯ ಹಿಂದೆ ಬರೆದು ತಾವೇ ಒಳಗೆ ಕೊಡುತ್ತಾರೆ. ನಾಚಿಕೊಳ್ಳುವವರಿಗೆ ಬಾಯಿಬಿಡುವ ಕಷ್ಟ ತಪ್ಪುತ್ತದೆ.

“ಆ ಚೀಟಿ ಬಂದ್ರೆ ನಾನು ಪರೀಕ್ಷೆ ಮಾಡದೆ ಮುಲಾಮು ಬರೆಯಲ್ಲ,” ಎನ್ನುತ್ತಾರೆ ಡಾಕ್ಟರಮ್ಮ. “ಹೆಚ್ಚಿನವರಿಗೆ ಮೂಲವ್ಯಾಧಿನೇ ಇರುತ್ತೆ. ಆದ್ರೆ ಗುದದ್ವಾರದ ಕ್ಯಾನ್ಸರೂ ಹೀಗೇ ಶುರುವಾಗೋದು. ರಕ್ತ, ನೋವು, ಸಣ್ಣ ಗಂಟು. ಮೊದಲು ಇಲ್ಲಿ ವರ್ಷಕ್ಕೆ ಒಬ್ಬರೋ ಇಬ್ಬರೋ ಬರ್ತಿದ್ರು. ಈಗ ಹೆಚ್ಚಾಗಿದ್ದಾರೆ, ಸಾಯೋರೂ ಹೆಚ್ಚಾಗಿದ್ದಾರೆ. ಬೇಗ ಬಂದ್ರೆ ಎಷ್ಟೋ ಜನರನ್ನ ಗುಣ ಮಾಡಬಹುದು.”

ಕುರ್ಚಿ ಅಕ್ಕನಿಗೆ ಇದು ಗೊತ್ತಾಗಿದ್ದು ಸ್ವಂತ ಅಕ್ಕನಿಂದ. ಆಕೆ ಬಟ್ಟೆ ಹೊಲಿಯುತ್ತಿದ್ದವರು. “ಮುಲಾಮು ತಂದುಕೊಟ್ಟಿದ್ದು ಯಾರು? ನಾನೇ! ಇದೇ ಆಸ್ಪತ್ರೆ ಕೌಂಟರಿಂದ, ತಿಂಗಳಿಗೆ ಎರಡು ಟ್ಯೂಬು, ಒಂದೂವರೆ ವರ್ಷ. ಅವಳು ಮಿಷನ್ ಮುಂದೆ ಕೂರೋದನ್ನೇ ಬಿಟ್ಟು, ನಿಂತ್ಕೊಂಡು ಬಟ್ಟೆ ಕತ್ತರಿಸೋಕೆ ಶುರುಮಾಡಿದ್ಲು. ಕಣ್ಣೆದುರಿಗೇ ಇತ್ತಲ್ಲ, ನನಗೆ ಹೊಳೀಲೇ ಇಲ್ಲ.” ಒರೆಸಿದ ಕುರ್ಚಿಯನ್ನೇ ಇನ್ನೊಮ್ಮೆ ಒರೆಸುತ್ತಾರೆ. ಕ್ಯಾನ್ಸರ್ ಅಂತ ತಿಳಿಯುವ ಹೊತ್ತಿಗೆ ತಡವಾಗಿತ್ತು, ಆ ಅಕ್ಕ ಉಳಿಯಲಿಲ್ಲ.

ಡ್ರೈವರ್ ಕಥೆ ಕೇಳಿದರೆ ಮಾತ್ರ ಮುಖ ಅರಳುತ್ತದೆ. ಅವತ್ತು ಡ್ರೈವರ್ ಎರಡು ಗಂಟೆ ಗೋಡೆಗೆ ಒರಗಿ ನಿಂತು, ನಂಬರು ಕೂಗುತ್ತಿದ್ದಂತೆ ಹೊರಗೆ ಜಾರಿಕೊಂಡಿದ್ದರಂತೆ. “ಗೇಟಿನ ಹತ್ರ ಹಿಡಿದೆ. ‘ಏನಣ್ಣ, ಎಲ್ಲಿಗೆ?’ ಅಂದೆ. ‘ಬಸ್ಸಿಗೆ ಹೊತ್ತಾಯ್ತು’ ಅಂದ್ರು. ‘ನೀವಿಲ್ದೆ ಅದು ಎಲ್ಲಿಗೂ ಹೋಗಲ್ಲ, ಬನ್ನಿ ಸುಮ್ನೆ’ ಅಂದೆ!” ಚೀಟಿಯ ಹಿಂದೆ ಬರೆದದ್ದು: ಐದು ತಿಂಗಳು. ಕ್ಯಾನ್ಸರೇ ಆಗಿತ್ತು, ಆದರೆ ಗಂಟು ಇನ್ನೂ ಚಿಕ್ಕದಿತ್ತು. ಆರು ವಾರ ವಿಕಿರಣ ಚಿಕಿತ್ಸೆ, ಜೊತೆಗೆ ಔಷಧಿ. ಗಂಟು ಪೂರ್ತಿ ಹೋಗಿದೆಯೋ ಇಲ್ಲವೋ ಅಂತ ಇವತ್ತು ತಿಳಿಯಬೇಕು.

ಒಂಬತ್ತೂವರೆಗೆ ಡ್ರೈವರ್ ಹೆಂಡತಿಯೊಂದಿಗೆ ಬರುತ್ತಾರೆ. ಪರದೆ ಎಳೆದ ಅಕ್ಕ, ಮುಂದಿನ ನಂಬರನ್ನು ಎರಡು ಸಲ ತಪ್ಪಾಗಿ ಕೂಗುತ್ತಾರೆ. ಕಾಲು ಗಂಟೆಯಾದ ಮೇಲೆ ಪರದೆ ಸರಿಯುತ್ತದೆ.

“ಏನೂ ಉಳಿದಿಲ್ವಂತೆ ಅಕ್ಕ,” ಎನ್ನುತ್ತಾ ಡ್ರೈವರ್ ಪಕ್ಕದ ಕುರ್ಚಿಯಲ್ಲಿ ಪೂರ್ತಿ ಭಾರ ಬಿಟ್ಟು, ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ.

“ಮುಗೀತಲ್ಲ, ಏಳಿ ಅಣ್ಣ! ಬಸ್ಸಿಗೆ ಹೊತ್ತಾಗಲ್ವಾ?”

“ಕಾಯ್ಲಿ ಬಿಡಿ. ಐದು ನಿಮಿಷ ಕೂತ್ಕೊಂಡಿರ್ತೀನಿ.”

ಅಕ್ಕ ಸಮವಸ್ತ್ರದ ತೋಳಿನಿಂದ ಕಣ್ಣೊರೆಸಿಕೊಂಡು ನಮ್ಮ ಕಡೆ ತಿರುಗುತ್ತಾರೆ. “ನಮ್ಮಕ್ಕನ್ನ ಕೂರಿಸೋಕೆ ಆಗ್ಲಿಲ್ಲ. ಇವರನ್ನ ಕೂರಿಸಿದೆ ನೋಡಿ.”