ಟಿಂಗ್ ಅಂದದ್ದು ಯಾರು

ತಪ್ಪು ನನ್ನದೇ. ಅದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ದಾರಿ ಹೇಳಲು ಸುಲಭ. ಅಪ್ಪನ ಹದಿನೇಳು ವರ್ಷದ ಜರ್ಮನ್ ಕಾರಿನ ಎಚ್ಚರಿಕೆಯ ‘ಟಿಂಗ್’ ಸದ್ದನ್ನು ನಾನು ಕಾರಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಮೀಟರಿನ ಪರದೆ ಸತ್ತು ಎರಡು ವರ್ಷ. ಇಂಜಿನ್ ಕಾದರೂ, ಎಣ್ಣೆ ಇಳಿದರೂ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಅಪ್ಪ ಆ ಗಾಡಿಯನ್ನು ಕಿವಿಯ ಮೇಲೆ ನಂಬಿಕೆಯಿಟ್ಟು ಓಡಿಸುತ್ತಿದ್ದರು. ನಾನು ಆಟವಾಡಿದ್ದು ಆ ಕಿವಿಯ ಜೊತೆ.

ಮೇ ತಿಂಗಳ ಭಾನುವಾರ ಬೆಳಗ್ಗೆ ಏಳಕ್ಕೆ ಡೊಂಬಿವಲಿ ಬಿಟ್ಟೆವು. ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟಲು ರಿಡೆವಲಪ್‌ಮೆಂಟ್‌ಗೆ ಕೊಟ್ಟಿದ್ದರು; ನಾವು ಸೇರಿದ ಬಾಡಿಗೆ ಮನೆಯಲ್ಲಿ ಪಾರ್ಕಿಂಗ್ ಇರಲಿಲ್ಲ. ಸೀವುಡ್ಸ್‌ನ ರಾಯರು, ಹಡಗಿನ ಇಂಜಿನಿಯರಾಗಿ ನಿವೃತ್ತರಾದವರು, ಕಾರು ಕೊಳ್ಳಲು ಒಪ್ಪಿದ್ದರು. ಶರತ್ತು ಒಂದೇ: ಗಾಡಿ ಓಡಿಕೊಂಡು ಬರಬೇಕು, ಎಳೆಸಿಕೊಂಡಲ್ಲ. ಅವರು ಬೇಡವೆಂದರೆ ಉಳಿದವನು ಹಳೇ ಗಾಡಿ ಒಡೆದು ಗುಜರಿಗೆ ಹಾಕುವ ಉಲ್ಹಾಸನಗರದ ಭಂಗಾರದವನೊಬ್ಬನೇ. ಹೋಟೆಲಿನ ಕೆಲಸದ ನಡುವೆಯೂ ದಿನಾ ಹಳದಿ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದ ಅಪ್ಪನಿಗೆ ಭಂಗಾರದವನ ಹೆಸರೆತ್ತಿದರೆ ಊಟ ಸೇರುತ್ತಿರಲಿಲ್ಲ.

ಮೊದಲು ಕಲ್ಯಾಣಕ್ಕೆ ಹೋಗಿ ಮೆಕ್ಯಾನಿಕ್ ಮಲ್ಲಣ್ಣನನ್ನು ಹತ್ತಿಸಿಕೊಂಡೆವು. ಕಲಬುರಗಿಯವನು.

“ಪೈಪ್ ಹಳೀವು ಅದಾವ್ರಿ ಅಣ್ಣಾರ. ನಿಧಾನ ಹೊಡೀರಿ,” ಅಂದ.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ನಾನು ‘ಟಿಂಗ್’ ಅಂದೆ. ಅಪ್ಪ ಗಾಡಿ ಪಕ್ಕಕ್ಕೆ ಹಾಕಿದರು, ಮಲ್ಲಣ್ಣ ರಸ್ತೆಯ ಮೇಲೆ ಮಲಗಿ ಕೆಳಗೆಲ್ಲ ನೋಡಿದ. ನನ್ನ ನಗು ನಿಲ್ಲಲಿಲ್ಲ. ಮಾನಪಾಡಾದಲ್ಲಿ ಇನ್ನೊಮ್ಮೆ ಮಾಡಿದೆ.

ಶಿಳಫಾಟಾದಲ್ಲಿ ಟ್ರಕ್ಕುಗಳ ನಡುವೆ ಅರ್ಧ ಗಂಟೆ ಸಿಕ್ಕಿಬಿದ್ದೆವು. ಹೋಟೆಲಿನಿಂದ ಕಟ್ಟಿಸಿಕೊಂಡಿದ್ದ ಬನ್ಸ್ ತಿನ್ನುತ್ತಿದ್ದೆ. ‘ಟಿಂಗ್.’

“ಸಾಕು ಮಾರಾಯ ನಿನ್ನ ನಾಟಕ,” ಎಂದರು ಅಪ್ಪ.

“ನಾನಲ್ಲ ಅಪ್ಪ.” ಬಾಯಿ ತುಂಬ ಬನ್ಸ್ ಇದ್ದುದರಿಂದ ಅದೂ ತಮಾಷೆಯ ಹಾಗೇ ಕೇಳಿಸಿತು.

ಮಹಾಪೆ ಹತ್ತಿರ ಬಂದಾಗ ಅಪ್ಪ ಮೂಗರಳಿಸಿದರು. “ಯಾರೋ ಜಾಮೂನಿನ ಪಾಕ ಸೀಯಿಸಿದ್ದಾರೆ.”

ಮಲ್ಲಣ್ಣ ನೆಟ್ಟಗೆ ಕುಳಿತ. “ಪಾಕ ಅಲ್ರಿ ಅಣ್ಣಾರ, ಇಂಜಿನ್ ತಣ್ಣಗಿಡೋ ಕೂಲಂಟ್ ಸೋರ್ಲಾಕತ್ತದ. ಬಂದ್ ಮಾಡ್ರಿ ಗಾಡಿ.”

ಬಾನೆಟ್ಟಿನಡಿಯಿಂದ ಹಬೆ ಎದ್ದಿತ್ತು. ಅಪ್ಪ ಬೈಯಲಿಲ್ಲ. ಹಳದಿ ಬಟ್ಟೆ ತೆಗೆದು, ಬಂಪರಿನ ಮೇಲೆ ಸಿಡಿದದ್ದನ್ನು ಒರೆಸುತ್ತ ನಿಂತರು. ಯಾರನ್ನು ಬೇಕಾದರೂ ಅಣಕಿಸುವ ನನಗೆ ಆ ಮೌನ ಮಾತ್ರ ಇವತ್ತಿಗೂ ಬರುವುದಿಲ್ಲ.

ಇಂಜಿನ್ ಆರಲು ಒಂದು ಗಂಟೆ ಬೇಕಾಯಿತು. ಬಿಸಿಲಿನಲ್ಲಿ ಒಂದು ಕಿಲೋಮೀಟರ್ ನಡೆದು, ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರಿನ ಎರಡು ಕ್ಯಾನ್ ತಂದೆ. ಮಲ್ಲಣ್ಣ ಪೈಪಿನ ಸೀಳಿದ ತುದಿ ಕತ್ತರಿಸಿ, ಮತ್ತೆ ಕ್ಲಿಪ್ ಬಿಗಿದು, ಆ ನೀರು ತುಂಬಿಸಿದ.

“ನಿಮ್ಮ ಮೂಗು ಉಳಿಸ್ತರಿ ಇದನ್ನ,” ಎಂದ ಅಪ್ಪನಿಗೆ. ನನ್ನ ಕಡೆ ನೋಡಲೂ ಇಲ್ಲ.

ಠಾಣೆ-ಬೇಲಾಪುರ ರಸ್ತೆಯಲ್ಲಿ ಎಸಿ ಆರಿಸಿ, ಕಿಟಕಿ ಇಳಿಸಿ, ನಲವತ್ತರ ವೇಗದಲ್ಲಿ ಹೋದೆವು. ರಿಕ್ಷಾಗಳು ನಮ್ಮನ್ನು ಹಿಂದೆ ಹಾಕಿದವು.

ಸೀವುಡ್ಸ್‌ನಲ್ಲಿ ರಾಯರು ಬಾನೆಟ್ ತೆಗೆಸಿ, ಕಣ್ಣು ಮುಚ್ಚಿ ಇಂಜಿನ್ ಕೇಳಿದರು. ಚೆನ್ನಾಗಿದೆ ಎಂದರು. ಅಪ್ಪ ಅಲ್ಲಿಗೆ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಪೈಪ್ ಸೀಳಿದ್ದನ್ನು, ಹಬೆ ಎದ್ದದ್ದನ್ನು, ಎಲ್ಲವನ್ನೂ ಹೇಳಿಬಿಟ್ಟರು.

“ಅಲಾರಂ ಹೊಡೆಯಲಿಲ್ಲವಾ?” ರಾಯರು ಕೇಳಿದರು.

“ಹೊಡೆಯಿತು. ಇವನು ಅಂದುಕೊಂಡೆ,” ಎಂದು ಅಪ್ಪ ನನ್ನನ್ನು ತೋರಿಸಿದರು.

ರಾಯರು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿ ಬೀಗದ ಕೈಗಾಗಿ ಕೈ ಚಾಚಿದರು.

“ಗಾಡಿ ಸುಳ್ಳು ಹೇಳಲಿಲ್ಲವಲ್ಲ. ಅದು ಇಲ್ಲಿರಲಿ. ಇವನನ್ನು ವಾಪಸ್ ಕರ್ಕೊಂಡು ಹೋಗಿ.”