ನಮ್ಮ ಭಟ್ಟಿಯ ಗಡುವು

೧೯೯೪ರಲ್ಲಿ ಆರನೆಯ ಇಯತ್ತೆ ಅರ್ಧಕ್ಕೆ ಬಿಟ್ಟು ವಿಜಯಪುರದ ಕಡೆಯಿಂದ ಮುಂಬಯಿಯ ಆಂಟಾಪ್ ಹಿಲ್‌ಗೆ ಬಂದೆ. ಅಣ್ಣನ ಪಾವ್ ಬೇಕರಿಯಲ್ಲಿ ಕಟ್ಟಿಗೆ ಹೊತ್ತೆ. ಹತ್ತು ವರ್ಷದಲ್ಲಿ ದುಡಿದೇ ಅರ್ಧ ಪಾಲುದಾರನಾದೆ.

ಕಳೆದ ವರ್ಷ ಮಹಾನಗರಪಾಲಿಕೆಯ ನೋಟಿಸು ಬಂತು: ಗಡುವಿನೊಳಗೆ ಕಟ್ಟಿಗೆ ಭಟ್ಟಿ ಬಿಟ್ಟು ಗ್ಯಾಸಿಗೆ ಹೋಗಿ, ಇಲ್ಲವಾದರೆ ಬೀಗ. ನಾನು ಸಿದ್ಧನಿದ್ದೆ. ಅಣ್ಣ ಒಪ್ಪಲಿಲ್ಲ. ಅದೇ ವಾರ ನನ್ನ ಮಗಳು ಕಾಲೇಜಿಗೆಂದು, ಯಾವ ದೇಶ ಎಂದಿಗೆ ನೆಟ್ ಝೀರೋ ಮುಟ್ಟುತ್ತದೆ, ಅಂದರೆ ತನ್ನ ಹೊಗೆಯ ಲೆಕ್ಕವನ್ನು ಸೊನ್ನೆಗೆ ತರುತ್ತದೆ ಎಂಬ ಪಟ್ಟಿ ಮಾಡುತ್ತಿದ್ದಳು. ಮಧ್ಯಾಹ್ನ ನಮಗೆ ಊಟ ತಂದವಳು ಅದನ್ನು ಓದಿದಳು.

“ಜರ್ಮನಿ ೨೦೪೫. ಬ್ರಿಟನ್ ೨೦೫೦, ಕಾನೂನ್ ಮಾಡಿದಾರೆ. ಚೀನಾ ೨೦೬೦. ಇಂಡಿಯಾ ೨೦೭೦.”

“ಎಪ್ಪತ್ತು!” ಅಣ್ಣ ತೊಡೆ ತಟ್ಟಿದ. “ಕೇಳಿದೇನಲೇ? ದೇಶಕ್ಕ ಎಪ್ಪತ್ತರ ತನಕ ಟೈಮ್ ಐತಿ. ನಿನಗ್ಯಾಕ ಅವಸರ?”

“ಬಡೇಬಾ, ಜರ್ಮನಿಯಲ್ಲಿ ಕಲ್ಲಿದ್ದಲು ಬಂದ್ ಮಾಡೋ ಊರಿಗೆ ಸರ್ಕಾರ್ ಪೈಸಾ ಕೊಡ್ತದೆ,” ಮಗಳು ದೊಡ್ಡಪ್ಪನಿಗೆ ಹೇಳಿದಳು.

“ನಮಗೇನ್ ಕೊಟ್ಟಾರ? ಕಾಗದ!”

“ಜರ್ಮನಿಯವ್ರು ಬಂದು ನಮ್ಮ ಬೀಗ ತೆಗೀತಾರೇನ್ ಭಾಯಿ?” ಎಂದೆ. “ಭಟ್ಟಿ ಇವತ್ತೇ ಆರಸ್ತೀನಿ.”

“ಕಟ್ಟಿಗಿ ಹೊರಾಂವ ನನಗ ಬುದ್ಧಿ ಹೇಳ್ತಾನ!”

ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಬಕೆಟ್ಟಿಗೆ ನೀರು ತುಂಬಿದೆ. ದಿನಕ್ಕೆರಡು ಸಲ ಉರಿಯುವ ಭಟ್ಟಿಯ ಇಟ್ಟಿಗೆ ಬೆಂಕಿ ಆರಿದ ಮೇಲೂ ವಾರ ಬಿಸಿಯಿರುತ್ತದೆ. ರಿಪೇರಿಗೆ ನೀರು ಹಾಕದೆ, ಬಾಗಿಲು ತೆರೆದಿಟ್ಟು ಕಾಯುವುದೇ ರೂಢಿ. ಎಷ್ಟೋ ಸಲ ನಾನೇ ಕಾದಿದ್ದೇನೆ. ಅಣ್ಣ ಪಾವ್ ತೆಗೆಯುವ ಉದ್ದನೆಯ ಹಲಗೆ ಬೀಸಿ ಬೆನ್ನಿಗೆ ಹೊಡೆದ. ಎರಡನೆಯ ಏಟು ಎಡಕಿವಿಗೆ ಬಿತ್ತು, ರಕ್ತ ಕುತ್ತಿಗೆಗಿಳಿಯಿತು. ತಡೆಯಲು ಅವನು ಭಟ್ಟಿಯ ಬಾಯಿಗೆ ಅಡ್ಡ ಕೈಚಾಚಿದ. ನಾನು ಆ ಕೈಯ ಮೇಲಿಂದಲೇ ನೀರು ಎಸೆದೆ.

ಬಾಂಬು ಸಿಡಿದಂತಾಯಿತು. ಹಬೆ ಹೊರಗೆ ನುಗ್ಗಿತು, ಕಮಾನಿನ ಇಟ್ಟಿಗೆಗಳು ಹಾರಿದವು. ಅಣ್ಣನ ಬಲಗೈಯ ಚರ್ಮ ಮೊಣಕೈತನಕ ಸುಲಿದು ಜೋತುಬಿತ್ತು. ಎರಡು ಬೆರಳು ಜಜ್ಜಿಹೋದವು. ಮಗಳು ಚೀರುತ್ತಲೇ ಇದ್ದಳು. ನಾನೇ ಅವನನ್ನೆತ್ತಿ ಟ್ಯಾಕ್ಸಿಗೆ ಹಾಕಿದೆ. ಆಸ್ಪತ್ರೆ ಬರುವತನಕ ಅವನು ನನ್ನ ಹೊಟ್ಟೆಗೆ ಒದೆಯುತ್ತಿದ್ದ. “ಒದಿ ಭಾಯಿ, ಇನ್ನೂ ಒದಿ,” ಎನ್ನುತ್ತಿದ್ದೆ.

ಆ ಎರಡು ಬೆರಳು ಉಳಿಯಲಿಲ್ಲ. ಅಣ್ಣ ಪಾಲು ಬಿಟ್ಟು ಮುಲುಂಡಿನಲ್ಲಿರುವ ಮಗನ ಮನೆಗೆ ಹೋದ. ನಾನು ಮೂರು ಸಲ ಹೋದೆ, ಮೂರು ಸಲವೂ ಬಾಗಿಲು ಮುಖಕ್ಕೆ ಬಿತ್ತು.

ಈಗ ನನ್ನ ಬಳಿ ಒಂದು ಗ್ಯಾಸ್ ಭಟ್ಟಿ, ನಾಲ್ವರು ಕೆಲಸಗಾರರು, ಎರಡು ಖೋಲಿಯ ಮನೆ, ಹೆಂಡತಿ, ಒಬ್ಬಳು ಮಗಳು ಮತ್ತು ಕೇಳಿಸುವ ಒಂದು ಕಿವಿ ಇವೆ. ಅಣ್ಣ ನನ್ನ ಬಳಿ ಇಲ್ಲ.