ಡೈರಿ ಮುಂದೆ ಚೆಲ್ಲಿದ ನಾಲ್ಕು ಲೀಟರ್ ಹಾಲು

ಕೊರೊನಾ ಮುಗಿದ ಎರಡನೆಯ ವರ್ಷ. ಕಡೂರಿನಲ್ಲಿ ಮೂವತ್ತೊಂದು ವರ್ಷ ವಕೀಲಿ ಮಾಡಿ, ಕರಿ ಕೋಟು ಬೀರುವಿಗೆ ಸೇರಿದ ಮೇಲೆ ತರೀಕೆರೆಯ ಕೋರ್ಟಿನಲ್ಲಿ ಮೀಡಿಯೇಟರ್ ಆಗಿದ್ದೆ. ಮೀಡಿಯೇಟರ್ ಎಂದರೆ ಮಧ್ಯಸ್ಥಿಕೆಗಾರ. ತೀರ್ಪು ಕೊಡುವ ಅಧಿಕಾರ ಇವನಿಗಿಲ್ಲ, ವಾದ ಮಾಡುವ ಸ್ವಾತಂತ್ರ್ಯವೂ ಇಲ್ಲ. ಎರಡೂ ಕಡೆಯವರನ್ನು ಒಂದು ಮೇಜಿನ ಸುತ್ತ ಕೂರಿಸಿ, ಅವರಾಗಿಯೇ ಒಪ್ಪುವವರೆಗೂ ತಾಳ್ಮೆಯ ಮುಖ ಹಾಕಿಕೊಂಡಿರಬೇಕು, ಅಷ್ಟೆ. ಈ ಕೆಲಸಕ್ಕೆ ನಲವತ್ತು ಗಂಟೆಗಳ ತರಬೇತಿ ಕೊಟ್ಟಿದ್ದರು. ಅದರಲ್ಲಿ ಅರ್ಧ ದಿನ 'ರೆಸ್ಟೋರೇಟಿವ್ ಜಸ್ಟಿಸ್' ಕುರಿತದ್ದು: ತಪ್ಪು ಮಾಡಿದವನಿಗೆ ಶಿಕ್ಷೆ ವಿಧಿಸುವುದಕ್ಕಿಂತ ಅವನು ಮುರಿದದ್ದನ್ನು ಅವನಿಂದಲೇ ಸರಿಮಾಡಿಸುವ ನ್ಯಾಯ. ಯಾವುದೋ ದೂರದೇಶದ ಬುಡಕಟ್ಟಿನವರು ವೃತ್ತಾಕಾರವಾಗಿ ಕುಳಿತು ವ್ಯಾಜ್ಯ ತೀರಿಸಿಕೊಳ್ಳುವ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ನಾನು ಭಕ್ತಿಯಿಂದ ನೋಟ್ಸ್ ಬರೆದುಕೊಂಡೆ.

ಆ ವರ್ಷ ನನ್ನ ಮೇಜಿಗೆ ಬಂದ ಮೊಕದ್ದಮೆ ಅಜ್ಜಂಪುರದಿಂದ ಎಂಟು ಕಿಲೋಮೀಟರ್ ಒಳಗಿರುವ ಒಂದು ಹಳ್ಳಿಯದು. ಆರೋಪಿ ಓಂಕಾರಮ್ಮ, ವಯಸ್ಸು ಐವತ್ತೆಂಟು. ಫಿರ್ಯಾದಿ ಶಿವಮೂರ್ತಿ, ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಆಯುಧ, ಒಂದು ಸ್ಟೀಲ್ ಕ್ಯಾನು. ಗಾಯ, ಶಿವಮೂರ್ತಿಯ ಹಣೆಯ ಮೇಲೆ ಮೂರು ಹೊಲಿಗೆ.

ನಡೆದದ್ದು ಇಷ್ಟು. ಬೆಳಗಿನ ಆರೂವರೆಗೆ ಓಂಕಾರಮ್ಮ ಡೈರಿಗೆ ನಾಲ್ಕು ಲೀಟರ್ ಹಾಲು ತಂದರು. ಶಿವಮೂರ್ತಿ ಅದರಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟ. ಹಾಲಿನ ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ ಅದು. ನೀರು ಬೆರೆತಿದ್ದರೆ ಹೆಚ್ಚು ಮುಳುಗುತ್ತದೆ. ಮುಳುಗಿತು. ಸಾಲಿನಲ್ಲಿದ್ದ ಮೂವತ್ತು ಜನರ ಎದುರಿಗೆ ಅವನು "ಕೆರೆ ನೀರಿಗೆಲ್ಲ ನಾವು ಬಿಲ್ ಬರೆಯಲ್ಲ" ಎಂದು ಅಷ್ಟೂ ಹಾಲನ್ನು ನೆಲಕ್ಕೆ ಸುರಿದ. ಖಾಲಿ ಕ್ಯಾನು ಕೈಗೆ ವಾಪಸ್ ಬಂದ ತಕ್ಷಣ ಓಂಕಾರಮ್ಮ ಅದನ್ನು ಸದುಪಯೋಗಪಡಿಸಿಕೊಂಡರು.

ದಂಡ ಕಟ್ಟಿದ್ದರೆ ಮುಗಿಯುತ್ತಿದ್ದ ಕೇಸು. ಆದರೆ ಅಂದಿನಿಂದ ಊರಿನಲ್ಲಿ ಆಕೆಗೆ 'ನೀರ್ ಓಂಕಾರಮ್ಮ' ಎಂಬ ಹೆಸರು ಅಂಟಿಕೊಂಡಿತ್ತು. ಮೊದಲು ಅರ್ಧ ಕೇರಿಗೆ ಆಕೆಯ ಮನೆಯಿಂದಲೇ ಹೆಪ್ಪು ಹೋಗುತ್ತಿತ್ತಂತೆ. ಮೊಸರು ಕೆಟ್ಟರೆ ಯಾರಾದರೂ ಬಟ್ಟಲು ಹಿಡಿದು ಬರುತ್ತಿದ್ದರು. ಆಮೇಲೆ ಒಬ್ಬರೂ ಬರಲಿಲ್ಲ. ಮೊದಲ ದಿನ ನನ್ನೆದುರು ಕುಳಿತು ಆಕೆ ಹೇಳಿದ್ದು ಒಂದೇ ಮಾತು: "ನಂಗೆ ನನ್ ಹೆಸ್ರು ಬೇಕು ಸ್ವಾಮಿ. ದಂಡ-ಗಿಂಡ ಆಮೇಲೆ."

ನಿಯಮದ ಪ್ರಕಾರ ಇಬ್ಬರನ್ನೂ ಪ್ರತ್ಯೇಕವಾಗಿ ಮಾತಾಡಿಸಬೇಕು. ಅಲ್ಲಿ ಹೇಳಿದ್ದು ಸಂಪೂರ್ಣ ಗೋಪ್ಯ. ಹೇಳಿದವರ ಅಪ್ಪಣೆಯಿಲ್ಲದೆ ಎದುರು ಕಡೆಯವರಿಗೆ ತಿಳಿಸುವಂತಿಲ್ಲ. ಶಿವಮೂರ್ತಿ ಬಾಗಿಲು ಹಾಕಿಸಿ, ಕಿಟಕಿಯನ್ನೂ ಹಾಕಿಸಿ, ಪಿಸುಗುಟ್ಟಿದ: "ಸಾರ್, ಬಿಸಿ ಹಾಲ್ನಾಗೂ ಕಡ್ಡಿ ಮುಳುಗ್ತದೆ, ರೀಡಿಂಗ್ ಕಮ್ಮಿ ಬತ್ತದೆ. ಆವಕ್ಕನ ಮನೆ ಡೈರಿ ಹಿಂದ್ಗಡೇನೇ. ಕರೆದ ಬಿಸೀಲೇ ತಂದ್ಬಿಡ್ತಾಳೆ. ಆವತ್ತು ಸಾಲು ಉದ್ದ ಇತ್ತು, ಹಾಲು ತಣ್ಣಗಾಗಕ್ಕೆ ಬಿಡ್ಲಿಲ್ಲ. ಮನೆಗೆ ಹೋದ್ಮೇಲೆ ಹೊಳೀತು."

"ಹಾಗಾದರೆ ಹೇಳಿಬಿಡಪ್ಪ."

"ಹೇಳಿದ್ರೆ ನಾನು ಇದುವರ್ಗೂ ವಾಪಸ್ ಕಳಿಸಿದ ಹಾಲೆಲ್ಲ ಬಿಸಿ ಹಾಲೇ ಆಗೋಗ್ತದೆ ಸಾರ್! ನೀವೂ ಹೇಳ್ಕೂಡ್ದು."

ನಾನು ಹೇಳಲಿಲ್ಲ. ಎರಡು ತಿಂಗಳು, ನಾಲ್ಕು ಸಿಟ್ಟಿಂಗ್, ಸತ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಕಡೂರು-ತರೀಕೆರೆ ಬಸ್ಸಿನಲ್ಲಿ ಓಡಾಡಿದೆ. ಒಂದು ದಿನ ಅವನು ಬಂದರೆ ಆಕೆಯ ಹಸು ಈದಿರುತ್ತಿತ್ತು. ಇನ್ನೊಂದು ದಿನ ಆಕೆ ಬಂದರೆ ಅವನಿಗೆ ಆಡಿಟ್. ಇಬ್ಬರೂ ಬಂದ ದಿನ ಕರೆಂಟು ಹೋಗಿ, ಕತ್ತಲೆಯಲ್ಲಿ ಇಬ್ಬರೂ ನನ್ನನ್ನೇ ಬೈದರು.

ಕೊನೆಗೆ ನಾಲ್ಕನೆಯ ಸಿಟ್ಟಿಂಗ್‌ನಲ್ಲಿ ಶಿವಮೂರ್ತಿಯನ್ನು ಒಪ್ಪಿಸಿದೆ. ನನ್ನ ಕೋಣೆಯಲ್ಲಿ, ನಾವು ಮೂವರೇ ಇರುವಾಗ, ಅವನು ಕೈಮುಗಿದು "ತಪ್ಪಾಯ್ತಕ್ಕ" ಎಂದ. ಕಾರಣ ಮಾತ್ರ ಬಾಯಿ ಬಿಡಲಿಲ್ಲ. ನಾನು ವಿಜಯದ ಗಾಂಭೀರ್ಯದಿಂದ ಪೆನ್ನಿನ ಮುಚ್ಚಳ ತೆಗೆದೆ. ಓಂಕಾರಮ್ಮ ಸಹಿ ಹಾಕಲಿಲ್ಲ.

"ಕ್ಷಮೆ ಕೇಳಿದನಲ್ಲಮ್ಮ? ಇನ್ನೇನು?"

"ಯಾರಿಗ್ ಕೇಳಿಸ್ತು?"

"ನನಗೆ ಕೇಳಿಸಿತು!"

"ನಿಮ್ಗೆ ನಾನು ಹೆಪ್ಪು ಕೊಡ್ಬೇಕಾ ಸ್ವಾಮಿ?"

ನಾನು ಮಧ್ಯಸ್ಥಿಕೆಯ ಪ್ರಾಣವೇ ಗೋಪ್ಯತೆ ಎಂದು ವಿವರಿಸಿದೆ. ಮೊದಲ ಸಲ ಶಾಂತವಾಗಿ, ಎರಡನೆಯ ಸಲ ಉದಾಹರಣೆ ಸಹಿತ, ಮೂರನೆಯ ಸಲ ಮೇಜು ಕುಟ್ಟಿ. ಮೀಡಿಯೇಟರ್ ಮೇಜು ಕುಟ್ಟಬಾರದೆಂದು ತರಬೇತಿಯಲ್ಲಿ ಸ್ಪಷ್ಟವಾಗಿ ಹೇಳಿದ್ದರು.

ಸದ್ದಿಗೆ ಬಾಗಿಲು ತೆರೆದುಕೊಂಡಿತು. ಹೊರಗಿನ ಬೆಂಚಿನ ಮೇಲೆ ಮೊದಲ ದಿನದಿಂದಲೂ ಕೂರುತ್ತಿದ್ದ ಮುದುಕರು ಇಣುಕಿದರು: ಬಸಜ್ಜ, ಊರಿನ ಯಜಮಾನರು. ಊರಲ್ಲಿ ಜಗಳವಾದರೆ ಕಟ್ಟೆಯ ಮೇಲೆ ಕುಳಿತು ತೀರಿಸುತ್ತಿದ್ದವರು. ಓಂಕಾರಮ್ಮನಿಗೆ ಜೊತೆಯಾಗಿ ಬರುತ್ತಿದ್ದರು. ಮೂರು ಸಲ ಒಳಗೆ ಬರಲು ಕೇಳಿದ್ದರು. ಮೂರು ಸಲವೂ "ಪಾರ್ಟಿಗಳಿಗೆ ಮಾತ್ರ ಪ್ರವೇಶ" ಎಂದು ಕಳಿಸಿದ್ದೆ. ದೂರದೇಶದ ಹಿರಿಯರ ಚಿತ್ರಕ್ಕೆ ತಲೆದೂಗಿದ್ದವನು, ಹತ್ತು ಅಡಿ ದೂರದಲ್ಲಿ ಕುಳಿತಿದ್ದ ಹಿರಿಯರನ್ನು ಎರಡು ತಿಂಗಳು ಬಾಗಿಲ ಹೊರಗೆ ಕಾಯಿಸಿದ್ದೆ.

ಆವತ್ತು ಇಬ್ಬರ ಒಪ್ಪಿಗೆ ಪಡೆದು ಒಳಗೆ ಕರೆದೆ. ನಿಯಮದ ಮೇಲಿನ ಗೌರವದಿಂದಲ್ಲ, ಸಾಕಾಗಿಹೋಗಿತ್ತು.

ಬಸಜ್ಜ ಕುರ್ಚಿಯನ್ನು ಕೈಯಿಂದ ಒರೆಸಿ ಕೂತರು. "ಸ್ವಾಮಿ, ಹಾಲು ಚೆಲ್ಲಿದ್ದು ಡೈರಿ ಮುಂದೆ. ತಪ್ಪು ಒಪ್ಕೊಳ್ಳೋದು ತರೀಕೆರೆ ರೂಮ್ನಾಗಾ? ನಮ್ಮಲ್ಲಿ ಪದ್ಧತಿ ಐತೆ. ಆದ ಜಾಗದಾಗೇ ಆಗ್ಬೇಕು. ಆದ ಹೊತ್ತಿಗೇ ಆಗ್ಬೇಕು. ಕಂಡೋರ ಮುಂದೇ ಆಗ್ಬೇಕು. ಇಬ್ರೂ."

"ನಾನ್ಯಾಕೆ?" ಎಂದರು ಓಂಕಾರಮ್ಮ.

"ತಲೆ ಒಡ್ದೋಳು ನೀನಲ್ವೇನವ್ವ? ನಾನಾ?"

ಶಿವಮೂರ್ತಿ ಎದ್ದು ನಿಂತ. "ಅಜ್ಜ, ಅದಾಗಲ್ಲ. ಬಿಸಿ ಹಾಲಿಗೆ ರೀಡಿಂಗ್ ಕಮ್ಮಿ ಬತ್ತದೆ ಅಂತ ಎಲ್ಲಾರ ಮುಂದೆ ಹೇಳಿದ್ರೆ, ನಾಳೆ ಊರ್ಗೂರೇ ನಮ್ದೂ ಬಿಸಿ ಹಾಲು ಅಂತದೆ!"

ಎರಡು ತಿಂಗಳು ನಾನು ಪ್ರತಿಜ್ಞಾಪೂರ್ವಕವಾಗಿ ಕಾಪಾಡಿದ ಗುಟ್ಟನ್ನು ಅವನೇ ಅರ್ಧ ನಿಮಿಷದಲ್ಲಿ ಕಕ್ಕಿದ್ದ. ಓಂಕಾರಮ್ಮ ಅವನನ್ನೇ ನೋಡಿದರು. "ಗೊತ್ತಿತ್ತೇನೋ ನಿಂಗೆ?" ಎಂದರು. ಮೊದಲ ಸಲ ಆಕೆಯ ದನಿ ಇಳಿದಿತ್ತು. ಅವನು ಮತ್ತೆ ಕುರ್ಚಿಯಲ್ಲಿ ಕೂತ.

"ಊರೆಲ್ಲ ಅನ್ಲಿ ಬಿಡು" ಎಂದರು ಬಸಜ್ಜ. "ಒಂದು ಬಕೀಟು ತಣ್ಣೀರು ಇಟ್ಕೋ. ಹಾಲು ಆರಿಸಿ ಅಳೆ. ಅದ್ಕೇನು ಕೋರ್ಟ್ ಬೇಕಾ?"

ಮರುವಾರ ಬೆಳಗಿನ ಐದಕ್ಕೆ ಕಡೂರಿನಿಂದ ಹೊರಟೆ. ಮೀಡಿಯೇಟರ್ ಹಳ್ಳಿಯ ಡೈರಿಯ ಮುಂದೆ ನಿಲ್ಲಬೇಕೆಂದು ಯಾವ ನಿಯಮವೂ ಹೇಳುವುದಿಲ್ಲವಾದ್ದರಿಂದ, ಅಧಿಕೃತವಾಗಿ ನಾನು ಅಲ್ಲಿರಲಿಲ್ಲ. ಅನಧಿಕೃತವಾಗಿ ಒಂದು ಮರದ ಕೆಳಗೆ ಚಳಿಯಲ್ಲಿ ಕಾಲು ಬಡಿಯುತ್ತಿದ್ದೆ.

ಆರೂವರೆಗೆ ಓಂಕಾರಮ್ಮ ಅದೇ ಸೊಟ್ಟ ಕ್ಯಾನಿನಲ್ಲಿ ಹಾಲು ತಂದರು, ಕರೆದ ಬಿಸಿಯಲ್ಲೇ. ಶಿವಮೂರ್ತಿ ಲ್ಯಾಕ್ಟೋಮೀಟರ್ ಬಿಟ್ಟ. ಮುಳುಗಿತು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಕ್ಯಾನನ್ನು ತಣ್ಣೀರಿನ ಬಕೀಟಿನಲ್ಲಿಟ್ಟ. ಅರ್ಧ ಗಂಟೆ ಎಲ್ಲರೂ ಕಾದರು. ಯಾರೂ ಸಾಲು ಬಿಟ್ಟು ಹೋಗಲಿಲ್ಲ. ಮತ್ತೆ ಬಿಟ್ಟಾಗ ಕಡ್ಡಿ ಸರಿಯಾದ ಗೆರೆಯಲ್ಲಿ ನಿಂತಿತು.

ನನ್ನೊಳಗಿನ ವಕೀಲ ಸುಮ್ಮನಿರಲಿಲ್ಲ. ಬಸಜ್ಜನ ಕಿವಿಯಲ್ಲಿ "ಇವತ್ತಿನ ಹಾಲು ಆವತ್ತಿನ ಹಾಲಿಗೆ ಸಾಕ್ಷಿ ಆಗೋದಿಲ್ಲ" ಎಂದೆ. ಅವರು "ಸುಮ್ಕಿರಿ ಸ್ವಾಮಿ" ಎಂದರು. ನನ್ನ ವೃತ್ತಿಜೀವನದಲ್ಲಿ ಪ್ರಶ್ನಿಸದೆ ಪಾಲಿಸಿದ ಕೆಲವೇ ಆದೇಶಗಳಲ್ಲಿ ಅದೂ ಒಂದು.

ಶಿವಮೂರ್ತಿ ಗಂಟಲು ಸರಿಮಾಡಿಕೊಂಡ. "ಆವತ್ತು ಹಾಲು ತಣ್ಣಗ್ ಮಾಡ್ದೇನೇ ಅಳ್ದೆ. ಅಕ್ಕನ ಹಾಲು ಸರೀನೇ ಇತ್ತು. ಗೊತ್ತಾದ್ಮೇಲೂ ಹೇಳ್ದೆ ಸುಮ್ನಿದ್ದೆ. ಅದು ಇನ್ನೂ ದೊಡ್ಡ ತಪ್ಪು." ಒಂದು ಲೋಟ ಹಾಲು ಬಗ್ಗಿಸಿಕೊಂಡು ಎಲ್ಲರೆದುರು ಕುಡಿದ.

ಓಂಕಾರಮ್ಮ ಸೆರಗಿನಿಂದ ಎಲೆ ಅಡಿಕೆ ತೆಗೆದು ಅವನ ಕೈಗಿಟ್ಟರು. "ತಲೆ ಒಡ್ದಿದ್ದು ನಂದು ತಪ್ಪು ಕಣಪ್ಪ." ಆಮೇಲೆ ಕ್ಯಾನನ್ನು ತಿರುಗಿಸಿ ತೋರಿಸಿದರು. "ಆದ್ರೆ ಇದು ಸೊಟ್ಟಗಾಗಿದ್ದು ನಿನ್ ತಲೇದು."

ಊರು ನಕ್ಕಿತು. ಶಿವಮೂರ್ತಿಯೂ ನಕ್ಕ. ಸಾಲು ಮುಂದಕ್ಕೆ ಸರಿಯಿತು. ಇಷ್ಟೇನಾ, ಇದಕ್ಕಾಗಿ ಎರಡು ತಿಂಗಳು ಬಸ್ಸು ಹತ್ತಿದೆನಾ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದಾಗ, ಸಾಲಿನಿಂದ ಒಬ್ಬ ಹೆಂಗಸು ಹಾಲು ಹಾಕಿ ಹೊರಟವಳು ತಿರುಗಿ ಕೂಗಿದಳು: "ಓಂಕಾರಕ್ಕಾ, ಸಂಜೆ ಬತ್ತೀನಿ ಕಣೇ. ಒಂಚೂರು ಹೆಪ್ಪು ಇಟ್ಟಿರು."

ಓಂಕಾರಮ್ಮ ಕ್ಯಾನನ್ನು ಎದೆಗವಚಿಕೊಂಡು ಮನೆ ಕಡೆ ನಡೆದರು, ತುಸು ಬೇಗ ಬೇಗ.

ಇಬ್ಬರೂ ತರೀಕೆರೆಗೆ ಬಂದು ಸಹಿ ಹಾಕಿದರು, ಕೇಸು ರಾಜಿಯಲ್ಲಿ ಮುಗಿಯಿತು. ಫಾರಂನಲ್ಲಿ 'ಒಪ್ಪಂದವಾದ ಸ್ಥಳ: ಮಧ್ಯಸ್ಥಿಕೆ ಕೊಠಡಿ' ಎಂದು ಮೊದಲೇ ಅಚ್ಚಾಗಿತ್ತು. ಅಷ್ಟು ದೊಡ್ಡ ಸುಳ್ಳಿನ ಕೆಳಗೆ ನಾನು ಅದುವರೆಗೆ ಸಹಿ ಹಾಕಿರಲಿಲ್ಲ.

ಗುಟ್ಟಿನಲ್ಲಿ ಆಗುವ ಜಗಳಗಳಿಗೆ ಗುಟ್ಟಿನ ಕೋಣೆ ಬೇಕು. ಅದನ್ನು ಈಗಲೂ ಒಪ್ಪುತ್ತೇನೆ. ಆದರೆ ಮೂವತ್ತು ಜನರೆದುರು ಕಳೆದ ಹೆಸರನ್ನು ಮೂವರ ನಡುವೆ ಹಿಂತಿರುಗಿಸಲು ಬರುವುದಿಲ್ಲ. ಆ ಕೇಸಿನ ನಂತರ ನನ್ನೆದುರು ಯಾರೇ ಬಂದು ಕುಳಿತರೂ, ನಿಮಗೇನು ಬೇಕು ಎಂದು ಮೊದಲು ಕೇಳುವುದಿಲ್ಲ. ಎಲ್ಲಿ ನಡೆಯಿತು, ಯಾರ್ಯಾರು ನೋಡಿದರು ಎಂದು ಕೇಳುತ್ತೇನೆ. ಆಮೇಲೆ ಎದ್ದು ಹೋಗಿ, ಹೊರಗಿನ ಬೆಂಚಿನ ಮೇಲೆ ಯಾರಿದ್ದಾರೆಂದು ನೋಡಿ ಬರುತ್ತೇನೆ.